ಒಂದು ಬೆಳೆ ರೇಷ್ಮೆ, ಒಂದು ತಿಂಗಳ ವಿದ್ಯೆ

ಮಕ್ಕಳು ವಿದ್ಯೆಯನ್ನು ಶಾಲೆಯಲ್ಲಿಯೇ ಕಲಿಯಬೇಕೆ, ಮನೆಯಲ್ಲಿಯೂ ಕಲಿಯಬಹುದೆ ಎಂಬ ಚರ್ಚೆ ಹೊಸದಲ್ಲ. ಕೈಕಸಬಿನ ಮೂಲಕವೇ ಪಾಠವನ್ನೆಲ್ಲ ಕಲಿಸಬೇಕೆಂಬ ವಿಚಾರವನ್ನು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದ ಮುಂದಿಟ್ಟರು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಹಾಡು, ಪ್ರಕೃತಿ ಇವುಗಳ ನಡುವೆ ಮಕ್ಕಳ ಕಲಿಕೆಯನ್ನು ಕುರಿತು ಪ್ರಯೋಗ ನಡೆಸಿದರು. ಅಮೆರಿಕದ ಜಾನ್ ಹೋಲ್ಟ್ ಎಂಬ ಉಪಾಧ್ಯಾಯರು ಶಾಲೆಗಳನ್ನು ತಿದ್ದುವ ಆಸೆಯನ್ನೇ ಕೈಬಿಟ್ಟು, ಮನೆಯಲ್ಲಿ ಮಕ್ಕಳನ್ನು ಅವರ ಪಾಡಿಗೆ ಕಲಿಯಲು ಬಿಡುವ ತಂದೆತಾಯಿಗಳಿಗಾಗಿ 1977ರಲ್ಲಿ ಒಂದು ಪತ್ರಿಕೆಯನ್ನೇ ಹೊರಡಿಸಿದರು. ಇವರೆಲ್ಲರ ಮಾತನ್ನೂ ನಾವು ಓದಿದ್ದೆವು, ಓದಿ ತಲೆದೂಗಿದ್ದೆವು. ತಲೆದೂಗುವುದು ಸುಲಭ. ನಮ್ಮ ಮನೆಯಲ್ಲಿಯೇ ಒಂದು ತಿಂಗಳು ಅದನ್ನು ಮಾಡಿನೋಡಿದ ಮೇಲೆ ನಮ್ಮ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಅದನ್ನು ವಿದ್ಯಾರ್ಥಿ ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ನಾವು ಚಿಕ್ಕಬಳ್ಳಾಪುರದವರು. 2024ರ ಬೇಸಿಗೆಯ ರಜೆಯಲ್ಲಿ, ಹದಿನಾಲ್ಕು ವರ್ಷದ ಮಗಳಿಗೂ ಹನ್ನೊಂದು ವರ್ಷದ ಮಗನಿಗೂ ಟ್ಯೂಷನ್, ಶಿಬಿರ ಯಾವುದೂ ಬೇಡವೆಂದು ನಿಶ್ಚಯಿಸಿದೆವು. ಏನನ್ನು ಕಲಿಯಬೇಕು, ಯಾವಾಗ ಕಲಿಯಬೇಕು ಎಂಬುದನ್ನು ಅವರೇ ಗೊತ್ತುಮಾಡತಕ್ಕದ್ದು. ನಾವು ದಂಪತಿಗಳು ಕೇಳಿದಾಗ ಮಾತ್ರ ನೆರವಾಗತಕ್ಕದ್ದು. ಶಾಲೆಯ ಒಂದು ದಿನವೂ ಇದರಿಂದ ತಪ್ಪಲಿಲ್ಲ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟ 2009ರ ಕಾಯಿದೆಯ ವಿಷಯದಲ್ಲಿ ನಮಗೆ ತಕರಾರಿಲ್ಲ. ಆ ಕಾಯಿದೆಯ ಬೆಲೆ ಎಷ್ಟೆಂಬುದು ಈ ತಿಂಗಳು ಮುಗಿಯುವ ಹೊತ್ತಿಗೆ ನಮಗೆ ಮೊದಲಿಗಿಂತ ಹೆಚ್ಚಾಗಿ ಮನದಟ್ಟಾಯಿತು.

ಮೊದಲ ಹತ್ತು ದಿನಗಳ ಕಥೆಯನ್ನು ಬೇಗ ಮುಗಿಸಬಹುದು. ಮಗ ಹತ್ತು ಗಂಟೆಗೆ ಎದ್ದನು, ಮೊಬೈಲು ನೋಡಿದನು, ಮಲಗಿದನು. ಮಗಳು ಕಾದಂಬರಿ ಓದಿದಳು. ನಾವು ತಾಳಲಾರದೆ ನಾಲ್ಕನೆಯ ದಿನ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಮಕ್ಕಳು ತಾವೇ ಗೊತ್ತುಮಾಡಬೇಕೆಂದು ನಾವೇ ಹೇಳಿ, ನಾವೇ ಗೊತ್ತುಮಾಡಿದುದನ್ನು ಮಗಳು ನಯವಾಗಿ ತೋರಿಸಿಕೊಟ್ಟಳು. ಪಟ್ಟಿಯನ್ನು ಕಿತ್ತೆವು. ಈ ನಡುವೆ ಒಂದು ಮದುವೆಗೆ ಗೌರಿಬಿದನೂರಿಗೆ ಹೋದಾಗ, ಬಯಲಿನಲ್ಲಿ ನಿಂತ ರೇಡಿಯೋ ದೂರದರ್ಶಕದ ವಿಷಯವನ್ನು ಉತ್ಸಾಹದಿಂದ ವಿವರಿಸಿದೆವು. 1976ರಲ್ಲಿ ಸಾವಿರ ದ್ವಿಧ್ರುವಗಳನ್ನು ಇಂಗ್ಲಿಷ್ ‘ಟಿ’ ಅಕ್ಷರದಂತೆ, ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರು ಉದ್ದಕ್ಕೆ ನಿಲ್ಲಿಸಿ, ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ಆವರ್ತದ ಅಲೆಗಳನ್ನು ಹಿಡಿಯಲು ಕಟ್ಟಿದ ಸಾಧನ ಅದು. ದೂರದೇಶಗಳ ಅಣುಸ್ಫೋಟಗಳ ಕಂಪನವನ್ನೂ ಗುರುತಿಸುವ ಭೂಕಂಪಮಾಪಕಗಳ ಸಾಲೊಂದು 1965ರಿಂದ ಅದೇ ಗೌರಿಬಿದನೂರಿನಲ್ಲಿದೆ ಎಂದೂ ಹೇಳಿದೆವು. ಮಗಳು ಆಕಳಿಸಿದಳು. ಮಗ ಮಾತ್ರ ಒಂದು ಕ್ಷಣ ನೆಲಕ್ಕೆ ಕಿವಿಯಿಟ್ಟು, “ಏನೂ ಕೇಳಿಸುವುದಿಲ್ಲ” ಎಂದು ಎದ್ದು ಪ್ಯಾಂಟು ಕೊಡವಿಕೊಂಡನು. ವಿಷಯ ದೊಡ್ಡದಾಗಿತ್ತು; ಪ್ರಶ್ನೆ ನಮ್ಮದಾಗಿತ್ತು, ಅವರದಾಗಿರಲಿಲ್ಲ.

ಪ್ರಶ್ನೆ ಅವರದಾದುದು ಶಿಡ್ಲಘಟ್ಟದ ಬಳಿಯ ಒಂದು ಹಳ್ಳಿಯಲ್ಲಿ. ಅಲ್ಲಿ ನಮ್ಮ ಸ್ನೇಹಿತರೊಬ್ಬರು ರೇಷ್ಮೆಹುಳು ಸಾಕುತ್ತಾರೆ. ನಾವು ಹೋದ ದಿನ ಹುಳುಮನೆಯ ಬಾಗಿಲು ಮುಚ್ಚಿತ್ತು. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ, “ಒಳಗೆ ಹೋಗಬೇಡ ಮಗ, ಹುಳ ಎರಡನೆ ಜ್ವರದಲ್ಲಿವೆ” ಎಂದರು. ಮಗ ಅಲ್ಲಿಯೇ ನಿಂತನು.

“ಹುಳಕ್ಕೆ ಜ್ವರ ಬಂದರೆ ಮೈ ಬಿಸಿಯಾಗುತ್ತದೆಯೆ, ಅಜ್ಜಿ?”

ಅಜ್ಜಿಗೆ ನಗು ಬಂದಿತು. ಐವತ್ತು ವರ್ಷ ಹುಳು ಸಾಕಿದ್ದರೂ ಇಂಥ ಪ್ರಶ್ನೆಯನ್ನು ಅವರು ಕೇಳಿರಲಿಲ್ಲವಂತೆ. ನಮಗಾದರೋ ಇದೇ ಸಮಯವೆಂದು ತೋರಿತು. ಹುಳುವಿನ ಚರ್ಮ ಬೆಳೆಯಲಾರದು, ಆದುದರಿಂದ ಒಳಗಿನ ದೇಹ ಬೆಳೆದಂತೆಲ್ಲ ಹುಳು ಹಳೆಯ ಚರ್ಮವನ್ನು ಕಳಚಬೇಕಾಗುತ್ತದೆ, ಅದು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿರುವುದು ಆ ಕಾರಣದಿಂದ, ಈ ಪೊರೆ ಬಿಡುವಿಕೆಗೇ ರೈತರು ಜ್ವರವೆನ್ನುವರು ಎಂದು ವಿವರಿಸಿದೆವು. ಅದನ್ನು ನಡೆಸುವ ಎಕ್ಡೈಸೋನ್ ಎಂಬ ಹಾರ್ಮೋನನ್ನು ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ 1954ರಲ್ಲಿ ಬೇರ್ಪಡಿಸಿದರೆಂದೂ, 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ ಅವರಿಗೆ ದೊರೆತದ್ದು 25 ಮಿಲಿಗ್ರಾಂ ಮಾತ್ರವೆಂದೂ ಸೇರಿಸಿದೆವು. ಮಗ ಎಲ್ಲವನ್ನೂ ಕೇಳಿ, “ಅದೆಲ್ಲ ಸರಿ ಅಪ್ಪ, ಥರ್ಮಾಮೀಟರ್ ಎಲ್ಲಿದೆ?” ಎಂದನು.

ಅಲ್ಲಿಂದ ಮುಂದಿನ ಒಂದು ತಿಂಗಳಿನ ಯಜಮಾನಿಕೆ ನಮ್ಮ ಕೈತಪ್ಪಿತು.

ಮೂರನೆಯ ಜ್ವರದ ದಿನ ಅವರು ಎರಡು ಥರ್ಮಾಮೀಟರುಗಳೊಡನೆ ಹೋದರು. ಒಂದನ್ನು ಜ್ವರದ ಹುಳುಗಳ ನಡುವೆಯೂ ಇನ್ನೊಂದನ್ನು ಪಕ್ಕದ ಖಾಲಿ ತಟ್ಟೆಯ ಸೊಪ್ಪಿನ ನಡುವೆಯೂ ಇಟ್ಟರು. ಎರಡೂ ಒಂದೇ ಉಷ್ಣತೆಯನ್ನು ತೋರಿಸಿದುವು. “ಎರಡು ಥರ್ಮಾಮೀಟರುಗಳಲ್ಲಿಯೂ ಒಂದೇ ತಪ್ಪಿದ್ದರೆ?” ಎಂದು ಮಗಳು ಕೇಳಿದಳು. ಅದಲುಬದಲು ಮಾಡಿ ಮತ್ತೆ ನೋಡಿದರು. ಜ್ವರವಲ್ಲವೆಂಬುದು ಸಿದ್ಧವಾಯಿತು, ಸಿದ್ಧಪಡಿಸಿದವರು ಅವರೇ. ಅಜ್ಜಿ ಮಾತ್ರ, “ಜ್ವರ ಅಂದರೆ ಜ್ವರಾನೇ” ಎಂದು ತಮ್ಮ ಮಾತಿಗೆ ಅಂಟಿಕೊಂಡರು. ಆ ದೃಷ್ಟಿಯಿಂದ ಅವರೂ ತಪ್ಪಿರಲಿಲ್ಲ: ಮೇವು ಬಿಟ್ಟು, ಮುದುಡಿ, ಯಾರೂ ಮುಟ್ಟಬಾರದೆಂಬಂತಿರುವ ಪ್ರಾಣಿಗೆ ಅದಕ್ಕಿಂತ ಒಳ್ಳೆಯ ಹೆಸರು ಯಾವುದು?

ಆ ವಾರವೇ ಒಂದು ಚಾಕಿ ಕೇಂದ್ರದಿಂದ ಅಂದಿನ ದಿನ ಮೊಟ್ಟೆಯೊಡೆದ ಮರಿಗಳನ್ನು ಬೇಡಿ ತಂದು, ಮನೆಯಲ್ಲಿಯೇ ಸಾಕತೊಡಗಿದರು. ಹುಳು ಎಷ್ಟು ಪಟ್ಟು ಬೆಳೆಯುತ್ತದೆ ಎಂಬುದು ಈಗ ಮಗಳ ಪ್ರಶ್ನೆ. ಇರುವೆಗಿಂತ ಸಣ್ಣ, ಕಪ್ಪು ಕೂದಲಿನ ಚೂರಿನಂಥ ಮರಿಯನ್ನು ತೂಗುವುದು ಹೇಗೆ? ಅಡುಗೆಮನೆಯ ತಕ್ಕಡಿಗೆ ಅದು ಕಾಣಿಸಲೇ ಇಲ್ಲ. ಮಕ್ಕಳ ಸೋದರಮಾವನ ಊರು ಚಿಂತಾಮಣಿ. ಅಲ್ಲಿಯ ಚಿನಿವಾರರೊಬ್ಬರ ಪರಿಚಯ ಅವರಿಗುಂಟು. ಹಕ್ಕಿಯ ಗರಿಯಿಂದ ಒಂದೊಂದಾಗಿ ಎಣಿಸಿ ಇನ್ನೂರು ಮರಿಗಳನ್ನು ಕಾಗದದ ಪೆಟ್ಟಿಗೆಯಲ್ಲಿಟ್ಟು, ಎಳೆಯ ಸೊಪ್ಪು ಹರಡಿ, ಚಿಂತಾಮಣಿಯ ಬಸ್ಸು ಹತ್ತಿದರು. ಚಿನಿವಾರರು ಮೊದಲು ಹುಬ್ಬು ಗಂಟಿಕ್ಕಿದರೂ ಬಳಿಕ ಅವರಿಗೇ ಕುತೂಹಲ ಹುಟ್ಟಿತು. ಇನ್ನೂರು ಹುಳುಗಳ ತೂಕ 0.092 ಗ್ರಾಂ, ಎಂದರೆ ಒಂದಕ್ಕೆ 0.46 ಮಿಲಿಗ್ರಾಂ. ಒಂದನ್ನು ತೂಗಲಾಗದಿದ್ದರೆ ಇನ್ನೂರನ್ನು ತೂಗಿ ಭಾಗಿಸಬಹುದೆಂಬ ಉಪಾಯವನ್ನು ಆಕೆಗೆ ಯಾರೂ ಹೇಳಿಕೊಡಲಿಲ್ಲ.

ಇಪ್ಪತ್ತೈದು ದಿನಗಳಲ್ಲಿ ನಾಲ್ಕು ಜ್ವರಗಳು ಕಳೆದುವು. ಹುಳುಗಳು ಹಣ್ಣಾಗುವ ಹೊತ್ತಿಗೆ ಇಪ್ಪತ್ತನ್ನು ತೂಗಿದಾಗ 68 ಗ್ರಾಂ, ಒಂದಕ್ಕೆ 3.4 ಗ್ರಾಂ ಬಂದಿತು. ಲೆಕ್ಕ ಮಾಡಿದರೆ ಬೆಳವಣಿಗೆ ಸುಮಾರು 7,400 ಪಟ್ಟು. ಇದೇ ಲೆಕ್ಕದಲ್ಲಿ 3 ಕಿಲೋಗ್ರಾಂ ತೂಕದ ಹಸುಗೂಸು ಬೆಳೆದರೆ ಒಂದು ತಿಂಗಳೊಳಗೆ 22 ಟನ್ನು, ನಾಲ್ಕೈದು ಆನೆಗಳಷ್ಟು, ತೂಗೀತೆಂದು ಮಗ ಸಾರಿದನು. ಆದರೆ ಪುಸ್ತಕದಲ್ಲಿ 10,000 ಪಟ್ಟು ಎಂದಿದೆಯಲ್ಲ! ಯಾರದು ಸರಿ? ಇದು ಎರಡು ದಿನಗಳ ಜಗಳವಾಯಿತು. ತಳಿ ಬೇರೆ ಇರಬಹುದು. ಆ ವರ್ಷದ ಬರಗಾಲದ ಬಿಸಿಲಿಗೆ ಹುಳು ಮೇವು ತಿಂದದ್ದು ಕಡಿಮೆ ಇರಬಹುದು. ತೂಗಿದ ದಿನ ತಡವಾಗಿರಬಹುದು, ಏಕೆಂದರೆ ಹುಳು ಹಣ್ಣಾಗುವಾಗ ತೂಕ ಇಳಿಯುತ್ತದೆ. ಪುಸ್ತಕದ ಅಂಕಿಯನ್ನು ಬರೆದು ಅಂಕ ಪಡೆಯುವ ಮಕ್ಕಳು, ತಮ್ಮ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದಾಗ ಯಾವುದನ್ನು ಅನುಮಾನಿಸಬೇಕೆಂದು ಯೋಚಿಸಿದ ಆ ಎರಡು ದಿನಗಳೇ ಇಡೀ ತಿಂಗಳಿನಲ್ಲಿ ಹೆಚ್ಚು ಬೆಲೆಯುಳ್ಳವೆಂದು ನಮಗೆ ತೋರುತ್ತದೆ.

ಎಲ್ಲ ಪ್ರಯೋಗವೂ ಶುಭವಾಗಿ ಮುಗಿಯಲಿಲ್ಲ. ಹರಳುಗಿಡದ ಎಲೆಯನ್ನು ತಿನ್ನುವ ರೇಷ್ಮೆಹುಳುವೂ ಉಂಟೆಂದು ಮಗ ಎಲ್ಲಿಯೋ ಓದಿದ್ದನು. ಅದು ಎರಿ ಎಂಬ ಬೇರೆ ಜಾತಿ. ಇವನು ಹತ್ತು ಹುಳುಗಳಿಗೆ ಹರಳೆಲೆಯನ್ನೇ ಕೊಟ್ಟನು. ಹತ್ತೂ ಸತ್ತುವು. ಅವನ ಟಿಪ್ಪಣಿಯಲ್ಲಿ “10ರಲ್ಲಿ 10” ಎಂದು ಮಾತ್ರ ಬರೆದಿದೆ. ಆ ರಾತ್ರಿ ಅವನು ಸರಿಯಾಗಿ ಊಟಮಾಡಲಿಲ್ಲ.

ಉಳಿದವು ಚಂದ್ರಿಕೆಯಲ್ಲಿ ಗೂಡು ಕಟ್ಟಿದುವು. ಒಂದು ಗೂಡನ್ನು ಬಿಸಿನೀರಿನಲ್ಲಿ ನೆನೆಸಿ, ಒಂದು ಮೀಟರು ಸುತ್ತಳತೆಯ ರಟ್ಟಿನ ಚೌಕಟ್ಟಿಗೆ ಎಳೆಯನ್ನು ಸುತ್ತಿದಾಗ 712 ಸುತ್ತಿಗೆ ಎಳೆ ಕಡಿಯಿತು. ಮುಕ್ಕಾಲು ಕಿಲೋಮೀಟರಿಗೆ ಹತ್ತಿರದ ದಾರವನ್ನು ಒಂದು ಹುಳು ಎರಡು ಮೂರು ದಿನಗಳಲ್ಲಿ ಬಾಯಿಂದ ಹೊರಡಿಸಿತ್ತು. ಕೆಲವು ಗೂಡುಗಳನ್ನು ಹಾಗೆಯೇ ಬಿಟ್ಟರು. ಶಾಲೆ ತೆರೆಯುವ ಮುನ್ನಿನ ದಿನಗಳಲ್ಲಿ ಗೂಡು ತೂತಾಗಿ ಪತಂಗ ಹೊರಬಂದಿತು. ಹಾರಲಾರದ ಗಂಡು ರೆಕ್ಕೆಗಳನ್ನು ಪಟಪಟನೆ ಬಡಿಯುತ್ತ ಹೆಣ್ಣಿನ ಬಳಿಗೆ ತೆವಳಿತು. ಅದು ಬಂದದ್ದು ಕಣ್ಣಿಂದಲ್ಲ, ವಾಸನೆಯಿಂದ. ಮೇಲೆ ಹೇಳಿದ ಬ್ಯೂಟೆನಾಂಟ್ ಅವರೇ ಆ ವಾಸನೆಯ ವಸ್ತುವನ್ನು, ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ, 1959ರಲ್ಲಿ ಗುರುತಿಸಿ ಬಾಂಬಿಕಾಲ್ ಎಂದು ಕರೆದರು. ಈ ಸಾರಿ ನಾವು ಕೇಳುವವರೆಗೂ ಬಾಯಿ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಂತೋಷದ ಕಥೆಯಾಗುತ್ತಿತ್ತು. ಆದರೆ ಇದರಲ್ಲಿ ಮೂರನೆಯ ಮಗುವೊಂದಿದೆ. ನಮ್ಮ ಸ್ನೇಹಿತರ ಮಗನಿಗೆ ಹನ್ನೆರಡು ವರ್ಷ. ಸರ್ಕಾರಿ ಶಾಲೆಯಲ್ಲಿ ಓದುತ್ತಾನೆ. ನಮ್ಮ ಮಕ್ಕಳ ಪೆಟ್ಟಿಗೆಯ ಹುಳುಗಳಿಗೆ ಪ್ರತಿದಿನ ಬೇಕಾದ ಸೊಪ್ಪನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದವನು ಆತನೇ. ಬೆಳಗಿನ ಐದು ಗಂಟೆಗೆ ತನ್ನ ಮನೆಯ ಹುಳುಗಳಿಗೆ ಸೊಪ್ಪು ಕೊಯ್ಯುವಾಗ ನಮ್ಮ ಪಾಲನ್ನೂ ಕೊಯ್ಯುತ್ತಿದ್ದನು. ಐದನೆಯ ಹಂತದ ಹುಳು ಹಗಲಿರುಳೆನ್ನದೆ ತಿನ್ನುತ್ತದೆ. ಆ ವಾರ ಅವನ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಹಾಲುತೊಂಡೆ ತಗುಲಿದ ಹುಳುವನ್ನು ಆತ ಮಾರು ದೂರದಿಂದಲೇ ಗುರುತಿಸಿ ಎತ್ತಿ ಹೊರಹಾಕಬಲ್ಲನು. ಸಪ್ಪೆರೋಗಕ್ಕೂ ಸುಣ್ಣಕಟ್ಟಿಗೂ ಇರುವ ವ್ಯತ್ಯಾಸ, ಊಜಿ ನೊಣ ಮೊಟ್ಟೆಯಿಟ್ಟ ಹುಳುವಿನ ಮೇಲಿನ ಕಪ್ಪು ಚುಕ್ಕೆ, ಎಲ್ಲ ಬಲ್ಲನು. ರೇಷ್ಮೆಹುಳುವಿನ ವಿಷಯದಲ್ಲಿ ನಮ್ಮ ಮಕ್ಕಳು ಅವನ ಮುಂದೆ ಅಕ್ಷರಾಭ್ಯಾಸದವರು. ಆದರೂ ಅದೇ ತಿಂಗಳು, ಅದೇ ಹುಳು, ನಮ್ಮ ಮಗನಿಗೆ ವಿದ್ಯೆಯಾಯಿತು. ಅವನಿಗೆ ಬರಿಯ ಕೆಲಸವಾಯಿತು.

ವ್ಯತ್ಯಾಸ ಬುದ್ಧಿಯದಲ್ಲ. ನಮ್ಮ ಮಗನಿಗೆ ಹತ್ತು ಹುಳುಗಳನ್ನು ಸಾಯಿಸಿ ಕಲಿಯುವ ಸ್ವಾತಂತ್ರ್ಯವಿತ್ತು. ಅವನ ಮನೆಯಲ್ಲಿ ಬೆಳೆ ಕೆಟ್ಟರೆ ಸಾಲ ಉಳಿಯುತ್ತದೆ. ಪ್ರಶ್ನೆ ಕೇಳಿ ಸುಮ್ಮನೆ ಕೂರುವ ಬಿಡುವು ನಮ್ಮ ಮಕ್ಕಳಿಗಿತ್ತು, ಅವನಿಗಿರಲಿಲ್ಲ. ಮನೆಯೇ ಪಾಠಶಾಲೆ, ಕೆಲಸವೇ ಗುರು ಎಂದು ಬರೆಯುವವರು ಈ ಅಂತರವನ್ನು ಮರೆಯುವುದುಂಟು; ಓದಿ ತಲೆದೂಗಿದ ನಾವೂ ಮರೆತಿದ್ದೆವು. ರೇಷ್ಮೆಯ ನಾಡಿನಲ್ಲಿ ಹೀಗೆ ಮರೆಯುವುದು ಅಪಾಯಕರ. ನೂಲು ಬಿಚ್ಚುವ ಒಲೆಗಳ ಮುಂದೆ, ಕುದಿನೀರಿನ ಬಳಿ, ಮಕ್ಕಳನ್ನು ದುಡಿಸಿದ ಕಾಲವೊಂದಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಸೇರಿತ್ತು. “ಕಸಬು ಕಲಿಯಲಿ ಬಿಡಿ” ಎಂಬುದು ಮಗುವನ್ನು ದುಡಿಸುವವರಿಗೆ ಸದಾ ಒದಗುವ ಸಮಾಧಾನ. 2016ರಲ್ಲಿ ತಿದ್ದುಪಡಿಯಾದ ಕಾಯಿದೆಯು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಅಪಾಯವಿಲ್ಲದ ಮನೆಯ ಉದ್ಯೋಗದಲ್ಲಿ ಶಾಲೆಯ ವೇಳೆಯ ನಂತರ ಮತ್ತು ರಜೆಯಲ್ಲಿ ನೆರವಾಗಲು ಅವಕಾಶ ಉಳಿಸಿದೆ. ನಮ್ಮ ಸ್ನೇಹಿತರು ಕಾನೂನನ್ನು ಮೀರಿಲ್ಲ. ಅವರು ಮಗನನ್ನು ಪ್ರೀತಿಸುವ ತಂದೆ. ಆದರೆ ನೆರವೆಲ್ಲಿ ಮುಗಿದು ದುಡಿಮೆಯೆಲ್ಲಿ ಮೊದಲಾಗುತ್ತದೆಂದು ಕಾಯಿದೆಯ ಮಾತಿನಿಂದ ತಿಳಿಯುವುದು ಕಷ್ಟ. ನಮಗೆ ತೋರುವ ಒಂದು ಗುರುತು ಇದು: ಮಗು ಕೆಲಸವನ್ನು ನಿಲ್ಲಿಸಿ “ಏಕೆ?” ಎಂದು ಕೇಳಬಹುದೆ? ಕೇಳಿದರೆ ಕೆಲಸ ಕಾಯುತ್ತದೆಯೆ? ಕಾಯುವುದಾದರೆ ಅದು ಕಲಿಕೆ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಇಬ್ಬರು ಹಿರಿಯರನ್ನು ನೆನೆಯೋಣ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೊದಲು ಓದಿದ್ದು ಚಿಕ್ಕಬಳ್ಳಾಪುರದ ಶಾಲೆಯಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರೆಂಬುದು ಎಲ್ಲರೂ ಬಲ್ಲ ಸಂಗತಿ. ಮುಂದೆ ಅವರು ಭೌತಶಾಸ್ತ್ರದ ಅಧ್ಯಾಪಕರಾಗಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಪ್ರಶ್ನಿಸುವುದನ್ನೇ ನಾಡಿಗೆ ಕಲಿಸಿದರು. ಹೊಸೂರಿನ ಬಾಲಕನನ್ನು “ಮನೆಯಲ್ಲಿಯೇ ಕಲಿ” ಎಂದು ಬಿಟ್ಟಿದ್ದರೆ ಆ ಪ್ರಶ್ನೆಗಳು ಹೊಸೂರಿನಲ್ಲಿಯೇ ಉಳಿಯುತ್ತಿದ್ದುವು. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಮನೆಯೊಂದೇ ಶಾಲೆಯಾದರೆ ಯಾರಿಗೆ ಏನು ನಷ್ಟವೆಂಬುದನ್ನು ನಾವೆಲ್ಲ ಕಂಡೆವು. ಆ ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆಯಂತೆ ಉಪಾಧ್ಯಾಯರು ಊರಿನ ಗುಡಿ, ಮರದ ನೆರಳುಗಳಿಗೆ ಪಾಠವನ್ನು ಹೊತ್ತುಹೋದುದು ಆ ನಷ್ಟವನ್ನು ತುಂಬಲೆಂದೇ.

ಆದುದರಿಂದ ನಾವು ಶಾಲೆಯ ಬದಲಿಗೆ ಮನೆಯನ್ನು ಕೇಳುತ್ತಿಲ್ಲ. ಕೇಳುವುದು ಇಷ್ಟೆ: ರಜೆಯ ಒಂದು ತಿಂಗಳನ್ನು ಮಕ್ಕಳಿಗೆ ನಿಜವಾಗಿ ಬಿಟ್ಟುಕೊಡಬೇಕು; ಮೊದಲ ಹತ್ತು ದಿನ ಹಾಳಾದರೆ ಹಾಳಾಗಲಿ. ಶಾಲೆಗಳು ಮತ್ತೆ ತೆರೆದ ಮೊದಲ ವಾರದಲ್ಲಿ, ರಜೆಯಲ್ಲಿ ಕಂಡದ್ದನ್ನು ಮಕ್ಕಳು ಹೇಳಲು ಉಪಾಧ್ಯಾಯರು ಕೆಲವು ತಾಸು ಕೊಡಬೇಕು. ಆಗ ಶಿಡ್ಲಘಟ್ಟದ ರೇಷ್ಮೆ ಮನೆಗಳ, ಚಿಂತಾಮಣಿಯ ಟೊಮೆಟೊ ತೋಟಗಳ, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವಿನ ಹೊಲಗಳ ಮಕ್ಕಳು ತರಗತಿಯಲ್ಲಿ ಹಿಂದಿನ ಬೆಂಚಿನವರಾಗಿರಲಾರರು. ಹೈಸ್ಕೂಲು, ಕಾಲೇಜುಗಳಲ್ಲಿ ಓದುವ ನೀವು ಇದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಕೆಲಸ ಮಾತ್ರ ತಿಳಿದಿರುವ ತಮ್ಮನೋ ತಂಗಿಯೋ ಇದ್ದರೆ, ಅವರ ಪಕ್ಕ ಕುಳಿತು, ಅವರಿಗೆ ತಿಳಿದುದನ್ನು ಕೇಳಬಹುದು. ಕೇಳುವುದಕ್ಕೂ ಕೈಜೋಡಿಸಿ ಅವರ ಬಿಡುವನ್ನು ಹೆಚ್ಚಿಸುವುದಕ್ಕೂ ಒಂದೇ ತಾಸು ಸಾಕು.

ಕೊನೆಯ ಸಾರಿ ನಾವು ಆ ಹಳ್ಳಿಗೆ ಹೋದಾಗ, ಸ್ನೇಹಿತರ ಗೂಡುಗಳು ಮಾರುಕಟ್ಟೆಗೆ ಹೋಗಿಯಾಗಿತ್ತು. ಹಿಂದಿನ ದಿನ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವುದನ್ನು ನೋಡಿ ಬಂದಿದ್ದ ಮಗಳು ಮಂಕಾಗಿದ್ದಳು. ಎಳೆ ಕಡಿಯದಿರಲೆಂದು ಒಳಗಿನ ಕೋಶವನ್ನು ಬಿಸಿಯಿಂದ ಮೊದಲೇ ಕೊಲ್ಲುತ್ತಾರೆಂಬುದು ಅವಳಿಗೆ ಪುಸ್ತಕದಿಂದ ಗೊತ್ತಿತ್ತು, ಕಂಡದ್ದು ಅಂದೇ. ನಮ್ಮನ್ನು ಏನನ್ನೋ ಕೇಳಿದಳು, ನಾವು ಉತ್ತರ ಹೇಳಲಾರದೆ ಹೋದೆವು. ಜಗಲಿಯ ಮೇಲೆ ಆ ಹುಡುಗ ಅವಳ ಟಿಪ್ಪಣಿ ಪುಸ್ತಕವನ್ನು ತಿರುವಿಹಾಕುತ್ತಿದ್ದನು. 0.46 ಮಿಲಿಗ್ರಾಂ ಎಂಬ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದನು.

“ಅಕ್ಕ, ಜ್ವರಕ್ಕೆ ಹೋಗುವಾಗ ಒಂದು ತೂಕ, ಎದ್ದ ಮೇಲೆ ಒಂದು ತೂಕ ನೋಡಿದ್ದೀಯಾ? ಮೇವಿಲ್ಲದೆ ಇಳಿಯುತ್ತದೋ ಇಲ್ಲವೋ?”

ಅವಳು ನೋಡಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಮುಂದಿನ ಬೆಳೆಗೆ ಆ ತಕ್ಕಡಿಯನ್ನು ತರಬಹುದೆ ಎಂದು ಕೇಳಿದನು. ಚಿಂತಾಮಣಿಯ ಚಿನಿವಾರರು ತಕ್ಕಡಿಯನ್ನು ಅಂಗಡಿಯಿಂದ ಹೊರಗೆ ಕಳುಹಿಸಲೊಪ್ಪರು. ಜ್ವರದ ಹುಳುಗಳನ್ನೇ, ಮುಟ್ಟದೆ, ಅಲುಗಿಸದೆ, ಅಲ್ಲಿಗೆ ಒಯ್ಯುವುದು ಹೇಗೆಂದು ಮೂವರೂ ಸೇರಿ ಈಗ ಯೋಚಿಸುತ್ತಿದ್ದಾರೆ.